ದಂಡನೀತಿಯೂ ಕಳ್ಳರ ಕಥೆಯೂ

ಮೈಸೂರಿನ ಪ್ರಾಚ್ಯ ಕೋಶಾಗಾರಕ್ಕೆ ಬಂದು ಸೇರಿದ ತಾಳೆಯೋಲೆಯ ಪ್ರತಿಯೊಂದರಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ, 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಪಡಿಸಿದ ಮೇಲೆ ಆ ಗ್ರಂಥವನ್ನು ಕುರಿತು ಹುಟ್ಟಿದ ಬರೆಹಗಳಿಗೆ ಲೆಕ್ಕವಿಲ್ಲ. ಗ್ರಂಥದ ಕಾಲವೇನು, ಕರ್ತೃವು ಒಬ್ಬನೋ ಹಲವರೋ, ಮೌರ್ಯರ ಆಡಳಿತಕ್ಕೂ ಇದಕ್ಕೂ ಸಂಬಂಧವೆಷ್ಟು, ಸುಂಕವೆಷ್ಟು, ಸೇನೆಯೆಷ್ಟು ಎಂಬ ಚರ್ಚೆಗಳಲ್ಲಿ ವಿದ್ವಾಂಸರ ಶ್ರಮವು ಬಹುಮಟ್ಟಿಗೆ ವ್ಯಯವಾಗಿದೆ. ಕಂಟಕಶೋಧನವೆಂಬ ನಾಲ್ಕನೆಯ ಅಧಿಕರಣವನ್ನು ಮಾತ್ರ ಚರಿತ್ರಕಾರರು ದಂಡಗಳ ಪಟ್ಟಿಯೆಂದು ತಿಳಿದು ದಾಟಿಹೋಗುವುದು ವಾಡಿಕೆ. ಸಾಹಿತ್ಯದ ಅಧ್ಯಾಪಕರಂತೂ ಅದರ ಹತ್ತಿರ ಸುಳಿಯುವುದೇ ಅಪರೂಪ. ಹಳೆಯ ಪಾಠಶಾಲೆಗಳ ಕ್ರಮವೇ ಇದಕ್ಕೆ ಕಾರಣವಾಗಿದ್ದೀತು. ಧರ್ಮಶಾಸ್ತ್ರದ ವಿದ್ಯಾರ್ಥಿಯು ಮಿತಾಕ್ಷರೆಯ ವ್ಯವಹಾರಾಧ್ಯಾಯವನ್ನು ಓದುತ್ತಿದ್ದನು. ಕಾವ್ಯದ ವಿದ್ಯಾರ್ಥಿಯು ಪಕ್ಕದ ಜಗಲಿಯಲ್ಲಿ ಮೃಚ್ಛಕಟಿಕವನ್ನು ಓದುತ್ತಿದ್ದನು. ಇವನ ಪುಸ್ತಕದಲ್ಲಿದ್ದ ಮೊಕದ್ದಮೆಯನ್ನು ಅವನ ಪುಸ್ತಕದ ವಿಧಿಗಳಿಂದ ಪರೀಕ್ಷಿಸಿ ನೋಡುವ ಅವಕಾಶವು ಇಬ್ಬರಿಗೂ ಒದಗುತ್ತಿರಲಿಲ್ಲ.

ಹೀಗೆ ಬೇರೆಬೇರೆಯಾಗಿ ಓದಿದುದರಿಂದ ಆದ ನಷ್ಟವು ಅಲ್ಪವಲ್ಲ. ಅಪರಾಧವನ್ನು ವಸ್ತುವಾಗಿ ಉಳ್ಳ ಕಥೆಗಳು ಕೇವಲ ಕುತೂಹಲಕ್ಕಾಗಿ ಹುಟ್ಟಿದವು, ಪಂಡಿತರ ವಿಚಾರಕ್ಕೆ ತಕ್ಕವಲ್ಲ ಎಂಬ ಭಾವನೆಯು ಬೇರೂರಿತು. ಈಚಿನ ಪತ್ತೇದಾರಿ ಕಾದಂಬರಿಗಳ ವಿಷಯದಲ್ಲಿ ಈ ಭಾವನೆಯು ತಿರಸ್ಕಾರದ ಮಟ್ಟವನ್ನು ಮುಟ್ಟಿರುವುದು ಎಲ್ಲರಿಗೂ ತಿಳಿದುದೇ. ಇದಕ್ಕೆ ಅಲಂಕಾರಶಾಸ್ತ್ರದ ಆಧಾರವನ್ನೂ ಕೊಡುವವರುಂಟು. ಶಾಸ್ತ್ರವು ಪ್ರಭುವಿನಂತೆ ವಿಧಿಸುತ್ತದೆ, ಕಾವ್ಯವು ಕಾಂತೆಯಂತೆ ಒಲಿಸುತ್ತದೆ. ಎರಡರ ದಾರಿಯೇ ಬೇರೆ. ಆದುದರಿಂದ ನಾಟಕದ ನ್ಯಾಯಸಭೆಯಲ್ಲಿ ವ್ಯವಹಾರವಿಧಿಯನ್ನು ಹುಡುಕುವುದು ಅರಸಿಕತನವೆಂದು ಅವರ ಪೂರ್ವಪಕ್ಷ. ಮಮ್ಮಟನ ಈ ವಿಭಾಗವು ಸರಿಯೇ. ಆದರೆ ಶಾಸ್ತ್ರವು ತಾನೇ ಒಂದು ವಿಧಿಯನ್ನು ಸ್ಥಾಪಿಸುವಾಗ ಕಥೆಯನ್ನು ಸಾಕ್ಷಿಗೆ ಕರೆದರೆ ಆಗ ಈ ವಿಭಾಗದ ಗತಿಯೇನು? ಕೌಟಿಲ್ಯನು ಹಾಗೆ ಕರೆದಿದ್ದಾನೆ. ಅದೂ ಗ್ರಂಥದ ಅತ್ಯಂತ ಕ್ಲಿಷ್ಟವಾದ ಸ್ಥಳದಲ್ಲಿ.

ಕಂಟಕಶೋಧನದ ಆರು, ಏಳು, ಎಂಟನೆಯ ಅಧ್ಯಾಯಗಳನ್ನು ಒಟ್ಟಿಗೆ ಓದಬೇಕು. ಆರನೆಯದರಲ್ಲಿ ಕಳ್ಳನನ್ನು ಹಿಡಿಯುವುದಕ್ಕೆ ಮೂರು ನಿಮಿತ್ತಗಳನ್ನು ಹೇಳಿದೆ: ಶಂಕೆ, ರೂಪವೆಂದರೆ ಕಳುವಾದ ಮಾಲು, ಮತ್ತು ಕರ್ಮವೆಂದರೆ ಕೃತ್ಯದ ಕುರುಹು. ಮನೆಗೆ ಕನ್ನ ಬಿದ್ದಿದ್ದರೆ ಆ ಕನ್ನವನ್ನು ಒಳಗಿನಿಂದ ಕೊರೆದುದೋ, ಹೊರಗಿನಿಂದಲೋ, ಎರಡು ಕಡೆಯವರೂ ಕೂಡಿ ಮಾಡಿದುದೋ ಎಂದು ನೋಡಬೇಕು. ಒಳಗಿನವರ ಕೈವಾಡವೆಂದು ತೋರಿದರೆ ಮನೆಯವರಲ್ಲಿ ಯಾರು ಅತಿಯಾಗಿ ನಿದ್ರಿಸುತ್ತಿದ್ದಾರೆ, ಯಾರು ನಿದ್ದೆಗೆಟ್ಟು ಬಳಲಿದ್ದಾರೆ, ಯಾರ ದನಿ ಒಣಗಿದೆ, ಮೈಮೇಲೆ ಗೀರು ಯಾರಿಗಿದೆ, ಯಾರ ಬಟ್ಟೆ ಹರಿದಿದೆ ಎಂದು ಪರೀಕ್ಷಿಸಬೇಕು. ಏಳನೆಯ ಅಧ್ಯಾಯವು ಆಶುಮೃತಕಪರೀಕ್ಷೆ, ಎಂದರೆ ಹಠಾತ್ತಾಗಿ ಸತ್ತವನ ಹೆಣದ ಪರೀಕ್ಷೆ. ಹೆಣಕ್ಕೆ ಎಣ್ಣೆಯನ್ನು ಸವರಿ ನೋಡಬೇಕು. ಹೊಟ್ಟೆಯುಬ್ಬಿ, ಕೈಕಾಲು ಬಾತು, ಕಣ್ಣು ತೆರೆದು, ಕುತ್ತಿಗೆಯಲ್ಲಿ ಗುರುತಿದ್ದರೆ ಉಸಿರುಕಟ್ಟಿಸಿ ಕೊಂದುದು. ಕೈ, ಕಾಲು, ಹಲ್ಲು, ಉಗುರುಗಳು ಕಪ್ಪಾಗಿ ಬಾಯಲ್ಲಿ ನೊರೆಯಿದ್ದರೆ ವಿಷ. ತಾನೇ ನೇಣು ಹಾಕಿಕೊಂಡವನಂತೆ ಕಂಡರೂ ಅಸಹಜವಾದ ಗಾಯವುಂಟೇ ಎಂದು ಹುಡುಕಬೇಕು. ಅನಂತರ ಕಾರಣದ ವಿಚಾರ: ಹೆಣ್ಣು, ದಾಯಭಾಗ, ಕಸುಬಿನ ಪೈಪೋಟಿ, ಎದುರಾಳಿಯ ದ್ವೇಷ, ವ್ಯಾಪಾರದ ಕೂಟ, ನ್ಯಾಯಸ್ಥಾನದ ವ್ಯಾಜ್ಯ. ಸಿಟ್ಟಿಗೆ ಮೂಲವಾಗುವ ಈ ಸ್ಥಾನಗಳಲ್ಲಿ ಯಾವುದಾದರೊಂದರಿಂದ ಕೊಲೆಯು ಸಂಭವಿಸುತ್ತದೆಂದು ಶಾಸ್ತ್ರಕಾರನ ಅಭಿಪ್ರಾಯ. ಪತ್ತೇದಾರಿ ಕಾದಂಬರಿಗಳನ್ನು ಓದಿ ಬಲ್ಲವರಿಗೆ ಈ ಪಟ್ಟಿಯು ತೀರ ಪರಿಚಿತವಾಗಿ ಕಾಣುವುದರಲ್ಲಿ ಸಂಶಯವಿಲ್ಲ.

ಇಷ್ಟರವರೆಗೆ ಕುರುಹುಗಳ ಮಾತಾಯಿತು. ಎಂಟನೆಯ ಅಧ್ಯಾಯಕ್ಕೆ ಬಂದ ಕೂಡಲೆ ನೆಲವು ಜಾರುತ್ತದೆ. ಅಲ್ಲಿ ವಾಕ್ಯದಿಂದಲೂ ಕರ್ಮದಿಂದಲೂ, ಎಂದರೆ ಪ್ರಶ್ನೆಯಿಂದಲೂ ಚಿತ್ರಹಿಂಸೆಯಿಂದಲೂ ನಡೆಸುವ ವಿಚಾರಣೆಯು ಪ್ರತಿಪಾದಿತವಾಗಿದೆ. ಕೋಲು, ಚಾವಟಿ, ತೂಗುಹಾಕುವುದು, ನೀರು ಹಾಯಿಸುವುದು ಎಂದು ಹಿಂಸೆಯ ಪ್ರಕಾರಗಳನ್ನು ಲೆಕ್ಕಮಾಡಿ ಹೇಳಿದೆ. ಅದೇ ಅಧ್ಯಾಯದಲ್ಲಿಯೇ ತಡೆಗಳೂ ಇವೆ. ಬಾಲರನ್ನು, ಮುದುಕರನ್ನು, ರೋಗಿಗಳನ್ನು, ಹಸಿದವರನ್ನು, ದಾರಿ ನಡೆದು ದಣಿದವರನ್ನು ಹಿಂಸಿಸಕೂಡದು. ಕೃತ್ಯವು ನಡೆದು ಮೂರು ರಾತ್ರಿಗಳು ಕಳೆದರೆ, ಸಲಕರಣೆಗಳು ಸಿಕ್ಕಿದ ಹೊರತು, ಬರಿಯ ಶಂಕೆಯಿಂದ ಯಾರನ್ನೂ ಹಿಡಿಯಕೂಡದು. ಕಳ್ಳನಲ್ಲದವನನ್ನು ಕಳ್ಳನೆಂದವನಿಗೆ ಕಳ್ಳನ ದಂಡವೇ ದಂಡ. ಇನ್ನೂ ವಿಚಿತ್ರವಾದುದೆಂದರೆ, ದೋಷವು ಕಂಡುಬಂದವನನ್ನೇ ಹಿಂಸೆಗೆ ಗುರಿಪಡಿಸಬೇಕೆಂಬ ವಿಧಿ. ದೋಷವು ಮೊದಲೇ ಕಂಡಿದ್ದರೆ ಹಿಂಸೆಯಿಂದ ಹೊಸದಾಗಿ ತಿಳಿಯಬೇಕಾದುದೇನು? ಕಾಣದಿದ್ದರೆ ಹಿಂಸಿಸುವುದಕ್ಕೆ ಅಧಿಕಾರವೆಲ್ಲಿ? ಈ ಗಂಟನ್ನು ಶಾಸ್ತ್ರವು ಬಿಡಿಸುವುದಿಲ್ಲ. ಬಿಡಿಸುವುದಕ್ಕೆ ಬದಲಾಗಿ ಅದು ಒಂದು ಕಥೆಯನ್ನು ನೆನೆಯುತ್ತದೆ. ಕಳ್ಳನಲ್ಲದವನೂ ಕಳ್ಳರ ದಾರಿಯಲ್ಲಿ ಅಕಸ್ಮಾತ್ತಾಗಿ ಸಿಕ್ಕಿಬೀಳುವುದುಂಟು. ವೇಷ, ಆಯುಧ, ಮಾಲು ಇವುಗಳ ಹೋಲಿಕೆಯಿಂದ ಹಿಡಿಯಲ್ಪಡುವುದುಂಟು. ಅಣಿಮಾಂಡವ್ಯನು ಹಿಂಸೆಯ ಭಯದಿಂದ, ತಾನು ಕಳ್ಳನಲ್ಲದಿದ್ದರೂ ಕಳ್ಳನೆಂದು ಹೇಳಿಕೊಂಡನು. ಆದುದರಿಂದ ಪ್ರಮಾಣಗಳೆಲ್ಲ ಪೂರ್ಣವಾದ ಮೇಲೆಯೇ ದಂಡಿಸಬೇಕು ಎಂಬುದು ಆ ಸ್ಥಳದ ತಾತ್ಪರ್ಯ.

ಇಲ್ಲಿ ಭಾರತವನ್ನು ಬಲ್ಲವರು ತಡೆದು ನಿಲ್ಲಬೇಕು. ಆದಿಪರ್ವದ ಮಾಂಡವ್ಯನು ತಪ್ಪೊಪ್ಪಿಕೊಂಡವನೇ ಅಲ್ಲ. ಕಳ್ಳರು ಅವನ ಆಶ್ರಮದಲ್ಲಿ ಮಾಲನ್ನು ಬಚ್ಚಿಟ್ಟು ತಾವೂ ಅಡಗಿಕೊಂಡರು. ಕಾವಲುಗಾರರು ಬಂದು ಕೇಳಿದಾಗ ಮೌನವ್ರತದಲ್ಲಿದ್ದ ಋಷಿಯು ಒಂದು ಮಾತನ್ನೂ ಆಡಲಿಲ್ಲ. ಆ ಮೌನವನ್ನೇ ಅಪರಾಧವೆಂದು ಗ್ರಹಿಸಿ ಅವನನ್ನು ಶೂಲಕ್ಕೆ ಏರಿಸಿದರು. ಕೌಟಿಲ್ಯನ ಕಥೆಯಲ್ಲಿ ಮೌನವಿಲ್ಲ, ಭಯವಿದೆ. ಅವನ ಮುಂದೆ ಬೇರೊಂದು ಪಾಠವಿತ್ತೋ, ಅಥವಾ ಶಾಸ್ತ್ರದ ಪ್ರಯೋಜನಕ್ಕಾಗಿ ಅವನೇ ಕಥೆಯನ್ನು ತಿರುಗಿಸಿದನೋ ಎಂಬುದು ಪಾಠಶೋಧಕರ ವಿಷಯ. ಪ್ರಕೃತಕ್ಕೆ ಬೇಕಾದುದೆಂದರೆ, ಎರಡು ರೂಪಗಳೂ ಒಂದೇ ಸಂಶಯವನ್ನು ಎರಡು ಕಡೆಯಿಂದ ಮುಟ್ಟುತ್ತವೆ: ನುಡಿದರೂ ನಂಬುವಂತಿಲ್ಲ, ನುಡಿಯದಿದ್ದರೂ ನಂಬುವಂತಿಲ್ಲ. ನಾರದಸ್ಮೃತಿಯೂ ಮಾಂಡವ್ಯನನ್ನು ಹೆಸರಿಸಿದೆ. ವ್ಯವಹಾರದಲ್ಲಿ ಕಳ್ಳನಲ್ಲದವನು ಕಳ್ಳನಾಗುವುದೂ ಉಂಟು, ಕಳ್ಳನು ಕಳ್ಳನಲ್ಲವೆನಿಸುವುದೂ ಉಂಟು ಎಂದು ಹೇಳಿ, ಮೊದಲನೆಯದಕ್ಕೆ ಮಾಂಡವ್ಯನನ್ನು ದೃಷ್ಟಾಂತವಾಗಿ ಕೊಡುತ್ತದೆ. ಎರಡನೆಯದಕ್ಕೆ ದೃಷ್ಟಾಂತವಿಲ್ಲ. ಆ ತೆರವಾದ ಸ್ಥಾನವನ್ನು ಕುರಿತು ಮುಂದೆ ವಿಚಾರಿಸಬೇಕಾಗಿದೆ. (ಯಮಧರ್ಮನನ್ನು ಶಪಿಸಿದ ಅದೇ ಮಾಂಡವ್ಯನು ಹದಿನಾಲ್ಕನೆಯ ವರ್ಷದವರೆಗೆ ಮಾಡಿದ ಕೃತ್ಯವು ಪಾಪವಲ್ಲವೆಂದು ಮರ್ಯಾದೆಯನ್ನು ಕಟ್ಟಿದನೆಂಬುದನ್ನೂ ಭಾರತವು ಹೇಳುತ್ತದೆ. ದಂಡನೆಗೆ ತುತ್ತಾದವನೇ ಶಾಸನಕರ್ತನಾದುದು ಆ ಕಥೆಯ ಸ್ವಾರಸ್ಯ.)

ಇನ್ನು ಮೃಚ್ಛಕಟಿಕಕ್ಕೆ ಬರಬಹುದು. ಮೂರನೆಯ ಅಂಕದಲ್ಲಿ ಶರ್ವಿಲಕನು ಚಾರುದತ್ತನ ಮನೆಗೆ ಕನ್ನ ಕೊರೆಯುವುದನ್ನು ಅಧ್ಯಾಪಕರು ಹಾಸ್ಯಕ್ಕಾಗಿ ಪಾಠಹೇಳುತ್ತಾರೆ. ಸುಟ್ಟ ಇಟ್ಟಿಗೆಯಾದರೆ ಎಳೆಯಬೇಕು, ಹಸಿಯದಾದರೆ ಕತ್ತರಿಸಬೇಕು, ಮಣ್ಣಾದರೆ ನೆನಸಬೇಕು, ಮರವಾದರೆ ಸೀಳಬೇಕೆಂಬ ಶಾಸ್ತ್ರ. ತಾವರೆ, ಸೂರ್ಯ, ಎಳೆಯ ಚಂದ್ರ, ಪೂರ್ಣಕುಂಭ ಮುಂತಾದ ಕನ್ನದ ಆಕಾರಗಳು. ಅಳತೆಯ ದಾರವನ್ನು ಮರೆತುಬಂದುದರಿಂದ ಯಜ್ಞೋಪವೀತದಿಂದಲೇ ಅಳೆಯುವುದು: ಇವೆಲ್ಲ ನಗೆಯನ್ನು ತರುವುದು ನಿಜ. ಆದರೆ ಮರುದಿನ ಬೆಳಗ್ಗೆ ಚಾರುದತ್ತನು ಕನ್ನದ ಚೆಲುವನ್ನು ಮೆಚ್ಚಿದ ಮೇಲೆ ಪಡುವ ಕಳವಳವನ್ನು ಅಷ್ಟೇ ಲಕ್ಷ್ಯದಿಂದ ಓದಬೇಕು. ಗೋಡೆಯಲ್ಲಿ ಕನ್ನವು ಕಣ್ಣಿಗೆ ಕಾಣುವಂತಿದ್ದರೂ ಕಳವಾಯಿತೆಂಬ ಮಾತನ್ನು ಬಡವನಾದ ತನ್ನಿಂದ ಯಾರೂ ನಂಬರೆಂದು ಅವನಿಗೆ ಗೊತ್ತಿದೆ. ಅರ್ಥಶಾಸ್ತ್ರವು ಕುರುಹನ್ನು ನೋಡೆನ್ನುತ್ತದೆ; ಲೋಕವು ಕುರುಹಿಗಿಂತ ಮೊದಲು ಮನೆಯವನ ಹಣವನ್ನು ನೋಡುತ್ತದೆ. ಈ ಭಯದಿಂದಲೇ ಅವನು ಜೂಜಿನಲ್ಲಿ ಸೋತೆನೆಂಬ ಸುಳ್ಳನ್ನು ಹೇಳಿಕಳುಹಿಸುತ್ತಾನೆ. ಒಂಬತ್ತನೆಯ ಅಂಕವು ಇಲ್ಲಿಯೇ ಬೀಜರೂಪದಲ್ಲಿದೆ.

ಆ ಒಂಬತ್ತನೆಯ ಅಂಕದ ನ್ಯಾಯಸಭೆಯನ್ನು ಕಂಟಕಶೋಧನದ ಬೆಳಕಿನಲ್ಲಿ ಓದಿದರೆ ಅದರ ಸ್ವರೂಪವೇ ಬದಲಾಗುತ್ತದೆ. ಅಧಿಕರಣಿಕನು ಕೆಟ್ಟವನಲ್ಲ, ಶ್ರೇಷ್ಠಿಯೂ ಕಾಯಸ್ಥನೂ ಕೆಟ್ಟವರಲ್ಲ. ಆರೋಪಿಯನ್ನು ಕಂಡ ಕೂಡಲೆ ಅವರಿಗೆ ಮರುಕವೂ ಗೌರವವೂ ಉಂಟಾಗುತ್ತವೆ. ರಾಜನ ಸಂಬಂಧಿಯಾದ ಶಕಾರನು ಫಿರ್ಯಾದನ್ನು ಹೇಳುವಾಗ, ಕೊಂದವನು ತಾನಲ್ಲವೆಂದು ಕೇಳದೆಯೇ ಬಾಯಿಬಿಟ್ಟು, ಬರೆದುದನ್ನು ಕಾಲಿನಿಂದ ಅಳಿಸುತ್ತಾನೆ. ಸಭೆಯೆಲ್ಲ ಅದನ್ನು ನೋಡಿಯೂ ಮುಂದಕ್ಕೆ ಸಾಗುತ್ತದೆ. ಅನಂತರ ಒಂದೊಂದಾಗಿ ಸಂಗತಿಗಳು ಕೂಡಿಕೊಳ್ಳುತ್ತವೆ. ವಸಂತಸೇನೆಯು ಚಾರುದತ್ತನ ಮನೆಗೆ ಹೋಗಿದ್ದಳೆಂದು ಅವಳ ತಾಯಿಯೇ ಹೇಳಬೇಕಾಗುತ್ತದೆ. ಬೇರೊಂದು ಜಗಳದ ದೂರನ್ನು ಹೊತ್ತು ಬಂದ ವೀರಕನ ಬಾಯಿಂದ ಚಾರುದತ್ತನ ಗಾಡಿಯು ಪುಷ್ಪಕರಂಡಕೋದ್ಯಾನಕ್ಕೆ ಹೋಯಿತೆಂಬುದು ಹೊರಬೀಳುತ್ತದೆ. ಅಧಿಕರಣಿಕನು ಅವನನ್ನೇ ಕುದುರೆಯ ಮೇಲೆ ಉದ್ಯಾನಕ್ಕೆ ಅಟ್ಟುತ್ತಾನೆ. ಅವನು ಹಿಂದಿರುಗಿ, ಮೃಗಗಳು ತಿಂದುಳಿದ ಹೆಂಗಸಿನ ಹೆಣವನ್ನು ಕಂಡೆನೆನ್ನುತ್ತಾನೆ.

ಇಲ್ಲಿ ತಪ್ಪಿದುದು ಯಾವುದು? ಏಳನೆಯ ಅಧ್ಯಾಯವನ್ನು ಓದಿದವನಿಗೆ ಉತ್ತರವು ಸ್ಪಷ್ಟ. ಹೆಣವು ಯಾರದೆಂದು ಯಾರೂ ಪರೀಕ್ಷಿಸಲಿಲ್ಲ. ಕುತ್ತಿಗೆಯ ಗುರುತಿನ ಮಾತಿರಲಿ, ಅದು ವಸಂತಸೇನೆಯ ದೇಹವೇ ಎಂಬ ಪ್ರಶ್ನೆಯನ್ನು ಎತ್ತಿದವರೇ ಇಲ್ಲ. ಹೆಂಗಸೊಬ್ಬಳು ಕಾಣೆಯಾಗಿದ್ದಾಳೆ, ಹೆಂಗಸಿನ ಹೆಣವೊಂದು ಸಿಕ್ಕಿದೆ. ಎರಡನ್ನೂ ಸೇರಿಸಿದರೆ ಕೊಲೆಯು ಸಿದ್ಧಿಸಿತು! ನಿಜವಾಗಿ ವಸಂತಸೇನೆಯು ಬೌದ್ಧಭಿಕ್ಷುವಿನ ಆರೈಕೆಯಲ್ಲಿ ಬದುಕಿಯೇ ಇದ್ದಾಳೆ. ಕವಿಯು ಸಭೆಯವರನ್ನು ದುಷ್ಟರನ್ನಾಗಿ ಮಾಡಿದ್ದರೆ ಈ ಪ್ರಮಾದವು ಸಾಮಾನ್ಯವಾಗುತ್ತಿತ್ತು. ಸಜ್ಜನರ ಕೈಯಲ್ಲಿಯೇ ಇದು ನಡೆಯುವಂತೆ ಮಾಡಿದುದರಿಂದ ಅದಕ್ಕೆ ಭಯಂಕರತ್ವವು ಬಂದಿದೆ.

ಕೊನೆಯ ಕೊಂಡಿಯು ರೂಪ, ಎಂದರೆ ಮಾಲು. ಮೈತ್ರೇಯನು ಸಭೆಗೆ ಓಡಿಬಂದು ಶಕಾರನೊಡನೆ ಕೈಕೈ ಮಿಲಾಯಿಸುವಾಗ ಅವನ ಕಂಕುಳಿಂದ ವಸಂತಸೇನೆಯ ಒಡವೆಗಳು ನೆಲಕ್ಕೆ ಬೀಳುತ್ತವೆ. ಕಳವಿನ ಮಾಲು ಆರೋಪಿಯ ಗೆಳೆಯನ ಬಳಿ ಸಿಕ್ಕಿತು, ಇನ್ನೇನು ಬೇಕು? ಈ ಒಡವೆಗಳು ಅಲ್ಲಿಗೆ ಬಂದ ಬಗೆಯನ್ನು ನೆನೆಯಬೇಕು. ಚಾರುದತ್ತನ ಮಗನು ಮಣ್ಣಿನ ಬಂಡಿ ಬೇಡ, ಚಿನ್ನದ ಬಂಡಿಯೇ ಬೇಕೆಂದು ಅತ್ತಾಗ ವಸಂತಸೇನೆಯು ತನ್ನ ಒಡವೆಗಳನ್ನು ಬಿಚ್ಚಿ ಆ ಮಣ್ಣಿನ ಬಂಡಿಯಲ್ಲಿ ತುಂಬಿದಳು. ಅವುಗಳನ್ನು ಅವಳಿಗೆ ಹಿಂದಿರುಗಿಸಲೆಂದು ಹೊರಟವನು ಮೈತ್ರೇಯನು. ನಾಟಕಕ್ಕೆ ಹೆಸರನ್ನು ಕೊಟ್ಟ ಮಣ್ಣಿನ ಬಂಡಿಯು ವಾತ್ಸಲ್ಯದ ಸಂಕೇತವೆಂದು ಬಹುಮಂದಿ ಬರೆದಿದ್ದಾರೆ. ಅದು ಶೂಲದ ಕಡೆಗೆ ಒಯ್ಯುವ ಸಾಕ್ಷ್ಯವೂ ಹೌದೆಂಬುದನ್ನು ಗಮನಿಸಿದವರು ಕಡಮೆ. ಒಳ್ಳೆಯ ಕೆಲಸವೊಂದರ ಅವಶೇಷವೇ ದುಷ್ಕೃತ್ಯದ ಕುರುಹಾಗಿ ಓದಲ್ಪಟ್ಟಿತು. ಮಾಲಿನ ಹೋಲಿಕೆಯಿಂದ ನಿರಪರಾಧಿಯು ಸಿಕ್ಕಿಬೀಳುವುದುಂಟೆಂದು ಕೌಟಿಲ್ಯನು ಹೇಳಿದ ಮಾತಿಗೆ ಇದಕ್ಕಿಂತ ಪೂರ್ಣವಾದ ವ್ಯಾಖ್ಯಾನವನ್ನು ಯಾವ ಟೀಕಾಕಾರನೂ ಬರೆದಂತಿಲ್ಲ.

ಇಷ್ಟಾದ ಮೇಲೂ ಚಾರುದತ್ತನು ಒಪ್ಪಿಕೊಂಡಿಲ್ಲ. ಆಗ ಅಧಿಕರಣಿಕನು ನಿಜವನ್ನು ಹೇಳು, ಇಲ್ಲವಾದರೆ ಈ ಸುಕುಮಾರವಾದ ಮೈಮೇಲೆ ಚಾವಟಿಗಳು ಬೀಳುವುವೆನ್ನುತ್ತಾನೆ. ಹೆದರಿಸುವವನಿಗೇ ಅದು ಇಷ್ಟವಿಲ್ಲ. ಚಾರುದತ್ತನಾದರೋ ಶಂಕೆಯೇ ಬಂದ ಮೇಲೆ ನಿರ್ದೋಷಿಯಾಗಿದ್ದೇನು ಫಲವೆಂದು ಯೋಚಿಸಿ, ವಸಂತಸೇನೆಯಿಲ್ಲದ ಬಾಳು ಬೇಡವೆನಿಸಿ, ಮಾತನ್ನು ಅರ್ಧಕ್ಕೆ ನಿಲ್ಲಿಸಿ ಉಳಿದುದನ್ನು ಶಕಾರನೇ ಹೇಳಲೆಂದು ಬಿಡುತ್ತಾನೆ. ಮಾಂಡವ್ಯನ ಕಥೆಯ ಎರಡು ರೂಪಗಳೂ ಇಲ್ಲಿ ಒಂದಾಗಿ ಕೂಡಿವೆ. ಚಾವಟಿಯ ಬೆದರಿಕೆಯೂ ಇದೆ, ಮೌನವೂ ಇದೆ. ಅರೆಮಾತನ್ನು ಸಭೆಯು ಪೂರ್ಣವಾದ ತಪ್ಪೊಪ್ಪಿಗೆಯೆಂದು ತೆಗೆದುಕೊಂಡಿತು. ತೀರ್ಪನ್ನು ಮಾತ್ರ ತಾವು ಹೇಳಬಲ್ಲೆವು, ಉಳಿದುದು ರಾಜನಿಗೆ ಸೇರಿದ್ದು ಎಂದು ಅಧಿಕರಣಿಕನು ಕೈತೊಳೆದುಕೊಂಡು, ಬ್ರಾಹ್ಮಣನಿಗೆ ವಧೆಯಿಲ್ಲ, ಗಡೀಪಾರೇ ತಕ್ಕುದೆಂಬ ಮನುವಿನ ಮತವನ್ನೂ ಅರಿಕೆಮಾಡಿಸುತ್ತಾನೆ. ಪಾಲಕನು ಅದನ್ನು ತಳ್ಳಿ ಶೂಲವನ್ನು ವಿಧಿಸುತ್ತಾನೆ. ವಿಷ, ನೀರು, ತಕ್ಕಡಿ, ಬೆಂಕಿ ಇವುಗಳಿಂದ ತನ್ನನ್ನು ಪರೀಕ್ಷಿಸಬೇಕಾಗಿತ್ತೆಂದು ಚಾರುದತ್ತನು ಹಲುಬುವುದು ಬರಿಯ ಪ್ರಲಾಪವಲ್ಲ. ಲಿಖಿತ, ಭುಕ್ತಿ, ಸಾಕ್ಷಿಗಳಿಲ್ಲದೆಡೆಯಲ್ಲಿ ದಿವ್ಯಕ್ಕೆ ಎಡೆಯುಂಟೆಂಬ ಯಾಜ್ಞವಲ್ಕ್ಯನ ವಿಧಿಯನ್ನು ಕಲ್ಯಾಣದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ವಿಸ್ತರಿಸಿದ್ದಾನೆ. ಆರೋಪಿಯು ಕೇಳುತ್ತಿರುವುದು ಶಾಸ್ತ್ರಸಮ್ಮತವಾದ ತನ್ನ ಪಾಲನ್ನು. ದಿವ್ಯಗಳನ್ನು ಇಂದಿನವರು ಮೌಢ್ಯವೆನ್ನುವುದು ನ್ಯಾಯವೇ. ಆದರೆ ಚಾವಟಿಗಿಂತ ತಕ್ಕಡಿಯು ಕ್ರೂರವಲ್ಲವೆಂಬುದನ್ನೂ ಒಪ್ಪಬೇಕು.

ಹತ್ತನೆಯ ಅಂಕದಲ್ಲಿ ಚಾರುದತ್ತನು ಉಳಿದುದು ಶಾಸ್ತ್ರದಿಂದಲ್ಲ. ವಸಂತಸೇನೆಯು ವಧ್ಯಸ್ಥಾನಕ್ಕೆ ಓಡಿಬಂದುದರಿಂದ, ಆರ್ಯಕನು ಪಾಲಕನನ್ನು ಕೊಂದುದರಿಂದ. ಸುಳ್ಳಾರೋಪ ಮಾಡಿದವನಿಗೆ ಅದೇ ದಂಡವೆಂಬ ವಿಧಿಯನ್ನು ಜನರು ಶಕಾರನ ಮೇಲೆ ನಡೆಸಲು ಸಿದ್ಧರಾಗಿ ನಿಂತಾಗ ಚಾರುದತ್ತನು ಅವನನ್ನು ಬಿಡಿಸುತ್ತಾನೆ. ಇದನ್ನು ಧೀರಪ್ರಶಾಂತನ ಲಕ್ಷಣವೆಂದು ಹೇಳಿ ಮುಗಿಸುವುದು ಸುಲಭ. ತಾನು ಆಗತಾನೆ ಇಳಿದುಬಂದ ಶೂಲಕ್ಕೆ ಇನ್ನೊಬ್ಬನನ್ನು ಏರಿಸಲು ಅವನಿಗೆ ಮನಸ್ಸು ಬರಲಿಲ್ಲವೆಂದು ತಿಳಿಯುವುದು ಕಥೆಗೆ ಹೆಚ್ಚು ಹೊಂದುತ್ತದೆ.

ನಾರದನು ತೆರವಾಗಿ ಬಿಟ್ಟ ಸ್ಥಾನವು ಉಳಿದಿದೆ. ಕಳ್ಳನು ಕಳ್ಳನಲ್ಲವೆನಿಸಿದುದಕ್ಕೆ ದೃಷ್ಟಾಂತವೇನು? ಅದು ಕನ್ನಡದಲ್ಲಿದೆ. 1949ರಲ್ಲಿ ಡಿ. ಎಲ್. ನರಸಿಂಹಾಚಾರ್ಯರು ಸಂಪಾದಿಸಿಕೊಟ್ಟ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಲ್ಲಿ ವಿದ್ಯುಚ್ಚೋರನೆಂಬ ಋಷಿಯ ಕಥೆಯು ಒಂದು. ರಾಜಕುಮಾರನಾದ ವಿದ್ಯುಚ್ಚೋರನೂ ತಳಾರನ ಮಗನಾದ ಯಮದಂಡನೂ ಜೊತೆಯಲ್ಲಿ ಓದಿದವರು. ಇವನು ಕಲಿತುದು ಕಳ್ಳತನದ ಶಾಸ್ತ್ರ, ಅವನು ಕಲಿತುದು ಕಾವಲಿನ ಶಾಸ್ತ್ರ. ನೀನು ಕಾಯುವ ಊರಿನಲ್ಲಿಯೇ ಕದಿಯುವೆನೆಂದು ಒಬ್ಬನ ಪಂಥ. ಕಾಲಾಂತರದಲ್ಲಿ ಯಮದಂಡನು ಮಿಥಿಲೆಯ ಅರಸನಾದ ವಾಮರಥನಲ್ಲಿ ತಳಾರನಾಗಿರುವಾಗ ವಿದ್ಯುಚ್ಚೋರನು ಅಲ್ಲಿಗೆ ಬಂದು, ಹಗಲು ಕುಷ್ಠರೋಗಿಯ ವೇಷದಲ್ಲಿದ್ದು, ಇರುಳು ಅರಮನೆಯ ಹಾರವನ್ನು ಅಪಹರಿಸುತ್ತಾನೆ. ಅರಸನು ಕೊಟ್ಟ ಗಡುವಿನೊಳಗೆ ಯಮದಂಡನು ಆ ಕುಷ್ಠರೋಗಿಯನ್ನು ಹಿಡಿದುತರುತ್ತಾನೆ. ಇರುಳೆಲ್ಲ ಬಗೆಬಗೆಯಾಗಿ ಹಿಂಸಿಸಿದರೂ ಅವನು ಒಪ್ಪುವುದಿಲ್ಲ. ಬೆಳಗಾದರೆ ದಂಡವು ತಳಾರನ ಮೇಲೆಯೇ ಬೀಳುವಂತಾಗುತ್ತದೆ. ಆಗ ವಿದ್ಯುಚ್ಚೋರನು ಅಭಯವನ್ನು ಬೇಡಿ, ಯಮದಂಡನ ಊಹೆಯು ಸರಿ, ಕಳ್ಳನು ತಾನೇ ಎಂದು ಹೇಳುತ್ತಾನೆ. ಆ ನೋವನ್ನು ಹೇಗೆ ಸಹಿಸಿದೆಯೆಂದು ಅರಸನು ಕೇಳಿದರೆ, ಮುನಿಗಳಿಂದ ಕೇಳಿದ ನರಕದ ದುಃಖದ ಮುಂದೆ ಇದು ಎಷ್ಟರದು ಎಂಬುದು ಅವನ ಉತ್ತರ.

ಈ ಕಥೆಯನ್ನು ಉಪಸರ್ಗಸಹನದ ದೃಷ್ಟಾಂತವೆಂದು ಧಾರ್ಮಿಕರು ಓದುವುದು ಯುಕ್ತವೇ. ದಂಡನೀತಿಯ ಪಕ್ಕದಲ್ಲಿಟ್ಟರೆ ಅದು ಬೇರೊಂದು ಮಾತನ್ನು ಹೇಳುತ್ತದೆ. ಮಾಂಡವ್ಯನು ನಿರಪರಾಧಿ, ಹಿಂಸೆಯ ಭಯಕ್ಕೇ ಒಪ್ಪಿದನು. ವಿದ್ಯುಚ್ಚೋರನು ಅಪರಾಧಿ, ಹಿಂಸೆಯಾದ ಮೇಲೂ ಒಪ್ಪಲಿಲ್ಲ. ಹಾಗಾದರೆ ಹಿಂಸೆಯು ಅಳೆದುದು ಅಪರಾಧವನ್ನಲ್ಲ, ಮೈಯ ತಾಳ್ಮೆಯನ್ನು. ಇಷ್ಟು ಮಾತ್ರವಾಗಿದ್ದರೆ ಕಥೆಯು ನಾರದನ ವಾಕ್ಯಕ್ಕೆ ಉದಾಹರಣೆಯಾಗಿ ನಿಲ್ಲುತ್ತಿತ್ತು. ಕನ್ನಡದ ಕಥೆಗಾರನು ಒಂದು ಹೆಜ್ಜೆ ಮುಂದೆ ಹೋಗಿದ್ದಾನೆ. ಚಾವಟಿಯಿಂದ ಬಾರದ ಸತ್ಯವು ಗೆಳೆಯನ ಪ್ರಾಣಕ್ಕೆ ಸಂಕಟ ಬಂದಾಗ ತಾನಾಗಿಯೇ ಹೊರಬಿತ್ತು. ಸ್ವತಃ ಒಪ್ಪಿಕೊಳ್ಳುವವನನ್ನು ಹಿಂಸಿಸಕೂಡದೆಂದು ಕೌಟಿಲ್ಯನು ವಿಧಿಸಿದನು. ಹಾಗೆ ಒಪ್ಪಿಕೊಳ್ಳುವ ಮನಸ್ಸು ಎಲ್ಲಿಂದ ಹುಟ್ಟೀತೆಂಬುದನ್ನು ಅವನು ವಿಚಾರಿಸಲಿಲ್ಲ.

ದಂಡಿಯ ದಶಕುಮಾರಚರಿತವನ್ನು ಕುರಿತು ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. ಕರ್ಣೀಸುತನ ಮಾರ್ಗವನ್ನು ಹಿಡಿದು ಚಂಪಾನಗರದ ಲೋಭಿಗಳನ್ನು ಸುಲಿದ ಅಪಹಾರವರ್ಮನ ಪ್ರಸಂಗವು ರಂಜಕವಾಗಿದ್ದರೂ ಪ್ರಮಾಣವಿಚಾರದಲ್ಲಿ ಹೊಸದನ್ನು ಕೊಡುವುದಿಲ್ಲ. ವಿಶ್ರುತನ ಕಥೆಯು ಹಾಗಲ್ಲ. ಅಲ್ಲಿ ವಿಹಾರಭದ್ರನೆಂಬ ವಿಟನು ಅರಸನನ್ನು ಕೆಡಿಸುವುದಕ್ಕಾಗಿ ಅರ್ಥಶಾಸ್ತ್ರವನ್ನು ಗೇಲಿಮಾಡುತ್ತಾನೆ: ಚಾಣಕ್ಯನು ಅಧಿಕಾರಿಗಳು ಹಣವನ್ನು ಅಪಹರಿಸುವ ನಲವತ್ತು ಉಪಾಯಗಳನ್ನು ಎಣಿಸಿದನಂತೆ, ಅಧಿಕಾರಿಗಳು ಅವುಗಳನ್ನು ಸಾವಿರವಾಗಿ ಬೆಳೆಸಿಕೊಳ್ಳುತ್ತಾರಂತೆ. ಮಾತನ್ನು ಆಡಿದವನು ನೀಚನು, ಅದನ್ನು ನಂಬಿದ ಅನಂತವರ್ಮನು ಹಾಳಾದನು. ಆದರೂ ಮಾತು ಸುಳ್ಳಲ್ಲ. ಕಳ್ಳನನ್ನು ಹಿಡಿಯಲು ಬರೆದ ಪುಸ್ತಕವು ಕಳ್ಳನಿಗೂ ಪಠ್ಯವಾಗುತ್ತದೆಂಬ ಈ ವ್ಯಂಗ್ಯವನ್ನು ಶಾಸ್ತ್ರಕಾರರು ಬರೆಯಲಾರರು. ಕಥೆಗಾರನು ದುಷ್ಟಪಾತ್ರದ ಬಾಯಲ್ಲಿಟ್ಟು ಬರೆಯಬಲ್ಲನು.

ಇದಕ್ಕಿಂತ ಗುರುತರವಾದ ವಿಷಯವೆಂದರೆ ಪ್ರಭುತ್ವವೇ ಮಾಡುವ ಅಪರಾಧ. ಅರ್ಥಶಾಸ್ತ್ರದ ಐದನೆಯ ಅಧಿಕರಣದ ಮೊದಲನೆಯ ಅಧ್ಯಾಯವನ್ನು ಹೆಸರನ್ನು ಹೇಳದೆ ಓದಿಸಿದರೆ ಕೇಳಿದವರು ಅದನ್ನು ರೋಮಾಂಚಕಾರಿಯಾದ ಕಾದಂಬರಿಯ ಸಂಗ್ರಹವೆಂದೇ ತಿಳಿದಾರು. ರಾಜದ್ರೋಹಿಯಾದ ಅಮಾತ್ಯನನ್ನು ಬಹಿರಂಗವಾಗಿ ದಂಡಿಸುವಂತಿಲ್ಲ. ಗೂಢಚಾರನು ಅವನ ತಮ್ಮನಿಗೆ ಅಣ್ಣನ ಆಸ್ತಿಯ ಆಸೆಯನ್ನು ತೋರಿಸುತ್ತಾನೆ. ತಮ್ಮನು ಅಣ್ಣನನ್ನು ಕೊಲ್ಲುತ್ತಾನೆ. ಕೂಡಲೆ ಭ್ರಾತೃಘಾತಕನೆಂದು ತಮ್ಮನನ್ನು ಕೊಲ್ಲಿಸಲಾಗುತ್ತದೆ. ಏಳನೆಯ ಅಧ್ಯಾಯದ ಹೆಣಪರೀಕ್ಷಕನು ಈ ಅಣ್ಣನ ಹೆಣವನ್ನು ಪರೀಕ್ಷಿಸಿದರೆ ದಾಯಭಾಗವೇ ಕಾರಣವೆಂದು ಬರೆಯುವನು; ಅವನು ಬರೆದುದು ಸರಿಯೂ ಆಗಿರುವುದು, ತಪ್ಪೂ ಆಗಿರುವುದು. ಇಂಥ ಉಪಾಯಗಳು ಅಧಾರ್ಮಿಕರಾದ ದ್ರೋಹಿಗಳ ಮೇಲೆ ಮಾತ್ರ ಸಲ್ಲುವುವೆಂದು ಗ್ರಂಥವು ಎಲ್ಲೆಯನ್ನು ಕಟ್ಟಿದೆ. ಆದರೆ ಅವನು ದ್ರೋಹಿಯೆಂಬುದಕ್ಕೆ ಪ್ರಮಾಣವೇನು? ಸಾಮಾನ್ಯ ಕಳ್ಳನಿಗೆ ಮೂರು ರಾತ್ರಿಗಳ ಗಡುವನ್ನೂ ಹಸಿವುಬಾಯಾರಿಕೆಗಳ ವಿನಾಯಿತಿಯನ್ನೂ ಕೊಟ್ಟ ಶಾಸ್ತ್ರವು ಇಲ್ಲಿ ವಿಚಾರಣೆಯನ್ನೇ ಕೈಬಿಟ್ಟಿರುವುದು ಗಮನಾರ್ಹ.

ಮುದ್ರಾರಾಕ್ಷಸವು ಈ ಅಧ್ಯಾಯದ ನಾಟಕ. ಕಳೆದುಹೋದ ಉಂಗುರದ ಮುದ್ರೆ, ಸುಳ್ಳು ಪತ್ರ, ವಿಷಕನ್ಯೆ, ವೇಷಧಾರಿಗಳಾದ ಚರರು ಇವೆಲ್ಲ ಚಾಣಕ್ಯನ ಕೈಯಲ್ಲಿ ನೀತಿಯೆನಿಸುತ್ತವೆ. ಶಕಾರನ ಕೈಯಲ್ಲಿದ್ದರೆ ಪಾತಕವೆನಿಸುತ್ತಿದ್ದುವು. 1823ರಲ್ಲಿ ಕೆಂಪುನಾರಾಯಣನು ಇದೇ ವೃತ್ತಾಂತವನ್ನು ಮುದ್ರಾಮಂಜೂಷವೆಂಬ ಕನ್ನಡ ಗದ್ಯಗ್ರಂಥವಾಗಿ ಬರೆದನು. ಕನ್ನಡ ಕಾದಂಬರಿಯ ಉಗಮವನ್ನು ವಿಚಾರಿಸುವವರು ಆ ಗ್ರಂಥವನ್ನು ಮೊದಲಲ್ಲಿ ನೆನೆಯುವುದು ರೂಢಿಯಾಗಿದೆ. ಹಾಗಾದರೆ ಕನ್ನಡದ ಹೊಸ ಗದ್ಯಕಥನವು ಆರಂಭದಲ್ಲಿಯೇ ಕೂಟಪತ್ರ, ಗೂಢಚಾರ, ಕೊಲೆಗಳ ನಡುವೆ ಹುಟ್ಟಿತೆಂದು ಆಯಿತು. ಈಚಿನ ಪತ್ತೇದಾರಿ ಕಾದಂಬರಿಯನ್ನು ಹೊರಗಿನಿಂದ ಬಂದ ಕಸವೆಂದು ಹಳಿಯುವವರು ಈ ವಂಶಾವಳಿಯನ್ನು ಒಮ್ಮೆ ನೋಡುವುದು ಒಳ್ಳೆಯದು.

ಆ ಕಾದಂಬರಿಗಳ ರಚನಾಕ್ರಮವು ಹೊರಗಿನದೆಂಬುದು ನಿಜ. ಎಡ್ಗರ್ ಆಲನ್ ಪೋ 1841ರಲ್ಲಿ ಪ್ರಕಟಿಸಿದ ಕಥೆಯಿಂದ ಮೊದಲಾಗಿ ಕಾನನ್ ಡಾಯ್ಲನ ಮೂಲಕ ಬೆಳೆದ ಮಾದರಿಯನ್ನೇ ನಮ್ಮ ದೇಶದ ಭಾಷೆಗಳು ಸ್ವೀಕರಿಸಿದುವು. ಕನ್ನಡದಲ್ಲಿ 1952ರಲ್ಲಿ ಹೊರಬಂದ ಪತ್ತೇದಾರ ಪುರುಷೋತ್ತಮನ ಸಾಹಸದಿಂದ ತೊಡಗಿ ಎನ್. ನರಸಿಂಹಯ್ಯನವರು ಬರೆದ ಕಾದಂಬರಿಗಳು ಐದುನೂರನ್ನು ಮೀರಿದುವು. ಇವರ ಕಾದಂಬರಿಗಳಿಂದ ಓದುವ ಚಟವನ್ನು ಹತ್ತಿಸಿಕೊಂಡು ಆಮೇಲೆ ಗಂಭೀರ ಸಾಹಿತ್ಯಕ್ಕೆ ಬಂದವರು ನಾಡಿನಲ್ಲಿ ಅನೇಕರು. ಈ ಜಾತಿಯ ಕಾದಂಬರಿಗಳ ಮೇಲೆ ಹೊರಿಸಬೇಕಾದ ದೋಷವು ಬೇರೆ. ಅವುಗಳ ಕೊನೆಯ ಪ್ರಕರಣದಲ್ಲಿ ಪತ್ತೇದಾರನು ಎಲ್ಲರನ್ನೂ ಒಂದೆಡೆ ಸೇರಿಸಿ ಕುರುಹುಗಳನ್ನು ಬಿಡಿಸಿ ಹೇಳುತ್ತಾನೆ, ಅಪರಾಧಿಯು ಇನ್ಸ್‌ಪೆಕ್ಟರ ಮುಂದೆ ಕುಸಿದು ಎಲ್ಲವನ್ನೂ ಒಪ್ಪಿಕೊಳ್ಳುತ್ತಾನೆ, ಪುಸ್ತಕವು ಮುಗಿಯುತ್ತದೆ. ನ್ಯಾಯಸ್ಥಾನದ ಬಾಗಿಲು ತೆರೆಯುವುದೇ ಇಲ್ಲ. 1872ರ ಸಾಕ್ಷ್ಯದ ಕಾಯಿದೆಯ 25ನೆಯ ಕಲಮು ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಪ್ರಮಾಣವೆಂದು ಅಂಗೀಕರಿಸುತ್ತಿರಲಿಲ್ಲ. ಆ ಕಾಯಿದೆಗೆ ಬದಲಾಗಿ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೆಯ ಕಲಮೂ ಅದನ್ನೇ ಹೇಳುತ್ತದೆ. ಆದುದರಿಂದ ಕಾದಂಬರಿಯು ಮುಗಿಯಿತೆಂದ ಸ್ಥಳದಲ್ಲಿ ಮೊಕದ್ದಮೆಯು ಇನ್ನೂ ಪ್ರಾರಂಭವಾಗಿರುವುದಿಲ್ಲ. ಮೃಚ್ಛಕಟಿಕದ ಕವಿಯು ತಪ್ಪೊಪ್ಪಿಗೆಯಿಂದ ಸಂಕಟವನ್ನು ಆರಂಭಿಸಿದನು. ಇವರು ಅದರಿಂದ ಸಮಾಧಾನವನ್ನು ಉಂಟುಮಾಡುತ್ತಾರೆ. ಹಳೆಯ ಕಥೆಯು ಓದುಗನಲ್ಲಿ ಸಂಶಯವನ್ನು ಎಚ್ಚರಿಸುತ್ತಿತ್ತು; ಹೊಸದು ಅದನ್ನು ಮಲಗಿಸುತ್ತದೆ. ತಿರಸ್ಕಾರಕ್ಕೆ ಕಾರಣವಾಗಬೇಕಾದುದು ಕೊಲೆಯ ವಸ್ತುವಲ್ಲ, ಈ ಸುಲಭವಾದ ಮುಕ್ತಾಯ.

ಕಾಯಿದೆಯಲ್ಲಿಯೂ ಒಂದು ಕಂಡಿಯಿದೆ. ಹಳೆಯ 27ನೆಯ ಕಲಮು, ಈಗ 23ನೆಯದರ ಪರಂತುಕ, ಬಂಧನದಲ್ಲಿದ್ದ ಆರೋಪಿಯು ಕೊಟ್ಟ ತಿಳಿವಳಿಕೆಯಿಂದ ವಸ್ತುವೊಂದು ಪತ್ತೆಯಾದರೆ ಆ ಪತ್ತೆಗೆ ಸ್ಪಷ್ಟವಾಗಿ ಸಂಬಂಧಪಟ್ಟಷ್ಟು ಮಾತನ್ನು ಪ್ರಮಾಣವಾಗಿ ಸ್ವೀಕರಿಸುತ್ತದೆ. ಮಾತನ್ನು ನಂಬಲಾರದವರೂ ಮಾಲನ್ನು ನಂಬಬಹುದೆಂಬುದು ಇದರ ಯುಕ್ತಿ. ಅರ್ಥಶಾಸ್ತ್ರವು ರೂಪವೆಂದುದು ಇದನ್ನೇ. ಮೈತ್ರೇಯನ ಕಂಕುಳಿಂದ ಜಾರಿದ ಒಡವೆಗಳೂ ರೂಪವೇ ಆಗಿದ್ದುವು. ಮಾಂಡವ್ಯನ ಆಶ್ರಮದಲ್ಲಿ ಸಿಕ್ಕಿದುದೂ ಮಾಲೇ ಆಗಿತ್ತು.